ಯಾರೂ ಈಜದ ಹೊತ್ತಿನಲ್ಲೇ ಈಜುಕೊಳದ ಅಪಾಯ ಜಾಸ್ತಿ

ಪ್ರಶ್ನೆ: ನಮಗೆ 9 ವರ್ಷದ ಮಗಳು, ಮೂರೂವರೆ ವರ್ಷದ ಮಗ. ಮುಂದಿನ ತಿಂಗಳು ಹೋಗಲಿರುವ ಬಾಡಿಗೆ ಮನೆಯ ಹಿಂದೆ ಈಜುಕೊಳ ಇದೆ, ಅದಕ್ಕೆ ಅಂಟಿಕೊಂಡೇ ಸ್ಪಾ, ಅಂದರೆ ಕೂರುವ ಬಿಸಿನೀರಿನ ತೊಟ್ಟಿ ಇದೆ. ಹಾಲ್‌ನ ಗಾಜಿನ ಬಾಗಿಲು ಸರಿಸಿದರೆ ನಾಲ್ಕು ಹೆಜ್ಜೆಗೆ ನೀರು. ಮೂರು ಕಡೆ ಕಾಂಪೌಂಡ್ ಇದೆ, ಮನೆಯ ಕಡೆಗೆ ಏನೂ ಇಲ್ಲ. "ಮಗಳಿಗೆ ಈಜು ಬರುತ್ತೆ, ಮಗನ ತೋಳಿಗೆ ಗಾಳಿ ಪಟ್ಟಿ ಹಾಕಿದರಾಯ್ತು, ಬೇಲಿ ಯಾಕೆ, ನಾವು ನೋಡ್ತಾ ಇರ್ತೀವಲ್ಲ" ಅಂತಾರೆ ನಮ್ಮವರು. ನನಗೆ ಈಜು ಬರುವುದಿಲ್ಲ. ಈಜಿ ಬಂದ ಮಗು ಎರಡು ದಿನ ಚೆನ್ನಾಗಿದ್ದು ಆಮೇಲೆ 'ಡ್ರೈ ಡ್ರೌನಿಂಗ್'ನಿಂದ ಸತ್ತಿತು ಅನ್ನುವ ಮೆಸೇಜ್ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಕೊಳದ ತಳದ ಜಾಲರಿಗೆ ಕೂದಲು ಸಿಕ್ಕಿಕೊಳ್ಳುತ್ತೆ ಅಂತಾರಲ್ಲ, ನಿಜವಾ? ಮಗಳಿಗೆ ಉದ್ದ ಕೂದಲಿದೆ. ನಮ್ಮ ಮಾವನಿಗೆ ಬಿಪಿ ಇದೆ, ಅವರು ಸ್ಪಾದಲ್ಲಿ ಕೂರಬಹುದಾ? ಇನ್ನೊಂದು ವಿಷಯ. ಮನೆ ನೋಡಲು ಹೋದಾಗ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯಿತು. ನೀರು ಕ್ಲೀನಾಗಿದೆ ಅಂತ ಅರ್ಥನಾ? ಆ ಮನೆ ಕೆಲವು ತಿಂಗಳಿಂದ ಖಾಲಿ ಇದೆ.

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು. ಆದರೆ ಅವುಗಳ ಹಿಂದೆ ಇರುವ ಚಿಂತೆ ಒಂದೇ. "ನಾವು ನೋಡ್ತಾ ಇರ್ತೀವಲ್ಲ" ಅನ್ನುವುದು ಸಾಕಾ?

ಸಾಕಾಗುವುದಿಲ್ಲ. ನಿಮ್ಮ ಯಜಮಾನರಿಗೆ ಮಕ್ಕಳ ಬಗ್ಗೆ ಕಾಳಜಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಲೈಫ್‌ಗಾರ್ಡ್‌ಗಳಿಗೆ ತರಬೇತಿ ಕೊಡುವುದು, ಕೊಳಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಅನಾಹುತ ಆದ ಮನೆಗಳಿಗೂ ಹೋಗಿದ್ದೇನೆ. ಅಲ್ಲಿನ ಅಪ್ಪ ಅಮ್ಮಂದಿರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಈಗ ತಾನೇ ಇಲ್ಲೇ ಇದ್ದ." ಮಗು ಒಳಗೆ ಟಿವಿ ನೋಡುತ್ತಿದೆ ಅಂತ ಅವರು ಅಂದುಕೊಂಡಿರುತ್ತಾರೆ. ಯಾರೋ ಬಟ್ಟೆ ಒಣಗಿಸಲು ಹೋಗಿರುತ್ತಾರೆ, ಯಾರೋ ಸ್ನಾನಕ್ಕೆ ಹೋಗಿರುತ್ತಾರೆ. ಗಾಜಿನ ಬಾಗಿಲು ಒಂದು ಗೇಣು ತೆರೆದಿರುತ್ತದೆ. ಮನೆಯ ಕೊಳಗಳಲ್ಲಿ ಪುಟ್ಟ ಮಕ್ಕಳು ಮುಳುಗುವುದು ಹೆಚ್ಚಾಗಿ ಹೀಗೆ. ಎಲ್ಲರೂ ಈಜುತ್ತಿರುವಾಗ ಅಲ್ಲ, ಈಜು ಯಾರ ತಲೆಯಲ್ಲೂ ಇಲ್ಲದ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಮಗುವಿನ ತೋಳಿಗೆ ಗಾಳಿ ಪಟ್ಟಿ ಇರುವುದಿಲ್ಲ, ಕೊಳದ ಹತ್ತಿರ ನೋಡುವವರೂ ಇರುವುದಿಲ್ಲ.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ, ನಮಗೆ ಗೊತ್ತಾಗುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಫ್ರಾಂಕ್ ಪಿಯಾ ಎಂಬ ಅಮೆರಿಕದ ಲೈಫ್‌ಗಾರ್ಡ್ ಅರ್ಧ ಶತಮಾನದ ಹಿಂದೆ ನ್ಯೂಯಾರ್ಕಿನ ಒಂದು ಬೀಚಿನಲ್ಲಿ ನಿಜವಾದ ಮುಳುಗುವಿಕೆ ಮತ್ತು ರಕ್ಷಣೆಯನ್ನು ಚಿತ್ರೀಕರಿಸಿ ನೋಡಿದರು. ಅವರು ಕಂಡದ್ದನ್ನೇ ಇವತ್ತಿಗೂ ನಾವು ಲೈಫ್‌ಗಾರ್ಡ್‌ಗಳಿಗೆ ಹೇಳಿಕೊಡುತ್ತೇವೆ. ಮುಳುಗುತ್ತಿರುವವರಿಗೆ ಉಸಿರಾಡಲಿಕ್ಕೇ ಆಗುತ್ತಿರುವುದಿಲ್ಲ, ಇನ್ನು ಕೂಗುವುದೆಲ್ಲಿಂದ? ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗುತ್ತಿರುತ್ತದೆ. ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲು ಬಿಡುವಿರುವುದಿಲ್ಲ. ದೇಹ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುವುದು ಕಾಣುವುದಿಲ್ಲ. ಇದು ನಡೆಯುವುದು 20ರಿಂದ 60 ಸೆಕೆಂಡು. ಆಮೇಲೆ ನೀರಿನ ಕೆಳಗೆ. ಪುಟ್ಟ ಮಕ್ಕಳಲ್ಲಿ ಇಷ್ಟು ಕೂಡ ಇರುವುದಿಲ್ಲ. ಅವರು ತಲೆಭಾರಕ್ಕೆ ಮುಂದಕ್ಕೆ ಬಗ್ಗಿ ಬಿದ್ದರೆ ಸುಮ್ನೆ ಒಳಗೆ ಹೋಗಿಬಿಡುತ್ತಾರೆ. ದೂರದಿಂದ ನೋಡಿದವರಿಗೆ ಮಗು ಆಟ ಆಡುತ್ತಿದೆ ಅನ್ನಿಸುತ್ತದೆ. ನೀರಿನಲ್ಲಿ ಗಲಾಟೆ ಮಾಡುತ್ತಿರುವ ಮಗುವಿಗಿಂತ ಸದ್ದಿಲ್ಲದೆ ಇರುವ ಮಗುವಿನ ಕಡೆ ಮೊದಲು ನೋಡಿ.

ಈಗ ಬೇಲಿ. ನಿಮಗೆ ಬೇಕಾಗಿರುವುದು ಮೊದಲು ಇದೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೂರು ಕಡೆ ಕಾಂಪೌಂಡ್ ಇರುವುದು ಪಕ್ಕದ ಮನೆಯ ಮಕ್ಕಳನ್ನು ತಡೆಯುತ್ತದೆ. ನಿಮ್ಮ ಮಗ ಬರುವುದು ನಾಲ್ಕನೇ ಕಡೆಯಿಂದ, ಮನೆಯ ಒಳಗಿನಿಂದ. ಕೊಳವನ್ನು ನಾಲ್ಕೂ ಬದಿ ಸುತ್ತುವರಿದು ಮನೆಯಿಂದ ಬೇರೆ ಮಾಡುವ ಬೇಲಿ ಇದ್ದರೆ, ಮೂರು ಬದಿಯ ಬೇಲಿಗೆ ಹೋಲಿಸಿದಾಗ ಮಗು ಮುಳುಗುವ ಅಪಾಯ 83 ಶೇಕಡಾ ಕಡಿಮೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ. ಈ ಕ್ಷೇತ್ರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ತರುವ ಸಾಧನ ಇನ್ನೊಂದು ನನಗೆ ಗೊತ್ತಿಲ್ಲ. ಆಸ್ಟ್ರೇಲಿಯಾದಲ್ಲಿ ಮನೆಯ ಕೊಳಗಳಿಗೂ ಕಾನೂನು ಪ್ರಕಾರ ಬೇಲಿ ಬೇಕು. ಫ್ರಾನ್ಸ್ 2003ರಲ್ಲಿ ಕಾನೂನು ತಂದು, ನೆಲದಲ್ಲಿ ಕಟ್ಟಿದ ಖಾಸಗಿ ಕೊಳಗಳಿಗೆ ಬೇಲಿ, ಕವರ್, ಅಲಾರಂ, ಮೇಲ್ಚಾವಣಿ ಇವುಗಳಲ್ಲಿ ಒಂದಾದರೂ ಇರಲೇಬೇಕು ಅಂತ ಮಾಡಿತು.

ಬೇಲಿಯ ಎತ್ತರ ಕಡಿಮೆ ಎಂದರೆ 1.2 ಮೀಟರ್, ಅಂದರೆ ನಾಲ್ಕು ಅಡಿ. ಕಂಬಿಗಳ ನಡುವಿನ ಸಂದು 10 ಸೆಂಟಿಮೀಟರ್ ಮೀರಬಾರದು. ಅಡ್ಡ ಕಂಬಿಗಳು ಮೆಟ್ಟಿಲಾಗುವಂತೆ ಇರಬಾರದು. ಗೇಟು ಕೊಳದಿಂದ ಹೊರಗಡೆಗೆ ತೆರೆಯಬೇಕು, ಆಗ ಮಗು ತಳ್ಳಿದರೂ ತೆರೆಯುವುದಿಲ್ಲ. ಗೇಟು ತಾನಾಗಿಯೇ ಮುಚ್ಚಿಕೊಳ್ಳಬೇಕು, ಚಿಲಕವೂ ತಾನಾಗಿಯೇ ಬೀಳಬೇಕು. ಚಿಲಕ ಮಗುವಿನ ಕೈಗೆ ಎಟುಕಬಾರದು.

ಪರಿಶೀಲನೆಗೆ ಹೋದಾಗ ನಾನು ಗೇಟನ್ನು ಪೂರ್ತಿ ತೆರೆದು ಬಿಡುವುದಿಲ್ಲ. ಹಾಗೆ ಬಿಟ್ಟರೆ ಓಡುವ ರಭಸಕ್ಕೆ ಎಂಥ ಗೇಟಾದರೂ ಚಿಲಕ ಹಾಕಿಕೊಳ್ಳುತ್ತದೆ. ಒಂದು ಅಂಗೈ ಅಗಲ ಮಾತ್ರ ತೆರೆದು, ನಿಧಾನಕ್ಕೆ ಕೈ ಬಿಡುತ್ತೇನೆ. ಬಹಳ ಗೇಟುಗಳು ಇಲ್ಲೇ ಸೋಲುತ್ತವೆ. ಚಿಲಕದ ನಾಲಗೆ ಕಂಬಕ್ಕೆ ತಾಗಿ, ಒಳಗೆ ಹೋಗದೆ, ಮುಚ್ಚಿದ ಹಾಗೆ ಕಾಣುತ್ತಾ ನಿಂತುಬಿಡುತ್ತದೆ. ಹಿಂಜಿನಲ್ಲಿ ತುಕ್ಕು, ಸ್ವಲ್ಪ ಕುಸಿದ ಕಂಬ, ಸಡಿಲವಾದ ಸ್ಪ್ರಿಂಗ್, ಇಷ್ಟೇ ಕಾರಣ. ಬೇಲಿ ಹಾಕಿಸಿದ ದಿನ ಸರಿಯಿದ್ದ ಗೇಟು ಒಂದು ಮಳೆಗಾಲ ಕಳೆದ ಮೇಲೆ ಸರಿ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ತಿಂಗಳಿಗೊಮ್ಮೆ ಹೀಗೆ ನೋಡಿ.

ಇನ್ನು ಕುರ್ಚಿ. ಬೇಲಿ ಅಚ್ಚುಕಟ್ಟಾಗಿರುತ್ತದೆ, ಅದರ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಅಥವಾ ದೊಡ್ಡ ಹೂಕುಂಡ, ಅಥವಾ ಎಸಿ ಯೂನಿಟ್. ಮೂರೂವರೆ ವರ್ಷದ ಹುಡುಗನಿಗೆ ಕುರ್ಚಿ ಎಳೆದುಕೊಂಡು ಹೋಗುವುದು ದೊಡ್ಡ ವಿಷಯವೇ ಅಲ್ಲ. ಬೇಲಿಯ ಹತ್ತಿರ ಹತ್ತಬಹುದಾದ ಏನೂ ಇರಬಾರದು. ನೆಂಟರು ಬಂದ ದಿನ ಗೇಟಿಗೆ ಇಟ್ಟಿಗೆ ಕೊಟ್ಟು ತೆರೆದಿಡುವ ಅಭ್ಯಾಸ ಕೂಡ ಬೇಡವೇ ಬೇಡ.

ಬಾಡಿಗೆ ಮನೆ ಅಂದಿದ್ದೀರಿ. ಕಾಯಂ ಬೇಲಿಗೆ ಮಾಲೀಕರು ಒಪ್ಪದೇ ಇರಬಹುದು. ಕಳಚಿ ಒಯ್ಯಬಹುದಾದ ಬಲೆ ಬೇಲಿ ಇದೆ. ನೆಲದಲ್ಲಿ ರಂಧ್ರ ಕೊರೆದು ಕಂಬ ನಿಲ್ಲಿಸಿ, ಬಿಗಿಯಾದ ಬಲೆ ಎಳೆಯುತ್ತಾರೆ. ತಾನಾಗಿ ಮುಚ್ಚುವ ಗೇಟು ಸೇರಿಸಿದರೆ ಒಳ್ಳೆಯ ಕೆಲಸ ಮಾಡುತ್ತದೆ. ಅದರ ದೌರ್ಬಲ್ಯ ಏನೆಂದರೆ, ಕಳಚಲು ಸುಲಭವಾದ್ದರಿಂದ ಜನ ಅದನ್ನು ಕಳಚಿಟ್ಟು ಮರೆಯುತ್ತಾರೆ.

ಬೇಲಿ ಬದಲು ಕವರ್ ಸಾಕು ಅಂತ ಯಾರಾದರೂ ಹೇಳಿಯಾರು. ಕವರ್‌ಗಳಲ್ಲಿ ಎರಡು ಜಾತಿ. ಗುಳ್ಳೆ ಗುಳ್ಳೆ ಇರುವ ನೀಲಿ ಹಾಳೆ ನೀರಿನ ಬಿಸಿ ಆರದಿರಲಿ ಅಂತ ಹಾಸುವಂಥದು. ಮಗು ಅದರ ಮೇಲೆ ಕಾಲಿಟ್ಟರೆ ಒಳಗೆ ಹೋಗುತ್ತದೆ, ಹಾಳೆ ಮೇಲೆ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಇದು ಏನೂ ಇಲ್ಲದೇ ಇರುವುದಕ್ಕಿಂತ ಕೆಟ್ಟದ್ದು. ಇನ್ನೊಂದು ಸುರಕ್ಷತಾ ಕವರ್, ಅಂಚಿಗೆ ಬಿಗಿದಿರುತ್ತದೆ, ದೊಡ್ಡವರ ಭಾರವನ್ನೂ ತಡೆಯುತ್ತದೆ. ಅದು ಒಳ್ಳೆಯದೇ. ಆದರೆ ಪ್ರತಿ ಸಲ ಈಜು ಮುಗಿದ ಮೇಲೆ ಮುಚ್ಚಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಅದರ ಮೇಲೆ ನಿಂತ ಮಳೆನೀರನ್ನು ತೆಗೆಯುತ್ತಿರಬೇಕು, ನಾಲ್ಕು ಬೆರಳು ನೀರಿನಲ್ಲೂ ಪುಟ್ಟ ಮಗು ಮುಳುಗಬಲ್ಲದು. ಅಲಾರಂ ವಿಷಯ ಚಿಕ್ಕದು. ನೀರಿನ ಅಲಾರಂ ಬಾರಿಸುವುದು ಮಗು ಬಿದ್ದ ಮೇಲೆ. ಬಾಗಿಲಿನ ಅಲಾರಂ ಬೀಳುವ ಮುಂಚೆಯೇ ಬಾರಿಸುತ್ತದೆ, ಅದು ಮೇಲು. ಎರಡೂ ಬೇಲಿಗೆ ಜೊತೆ ಆಗಬಹುದು, ಬದಲಿ ಆಗುವುದಿಲ್ಲ.

ಸ್ಪಾಕ್ಕೆ ಗಟ್ಟಿ ಮುಚ್ಚಳ, ಅದಕ್ಕೆ ಬೀಗ. ಇದರಲ್ಲಿ ಚೌಕಾಸಿ ಇಲ್ಲ. ಸ್ಪಾ ಚಿಕ್ಕದು ಅಂತ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಆದರೆ ಕುಳಿತರೆ ದೊಡ್ಡವರ ಎದೆಮಟ್ಟ ಬರುವ ನೀರು ನಿಮ್ಮ ಮಗನ ತಲೆ ಮುಳುಗಿಸುತ್ತದೆ. ಮತ್ತೆ, ಈಜು ಮುಗಿದ ಮೇಲೆ ಚೆಂಡು, ಬಾತುಕೋಳಿ, ರಬ್ಬರ್ ರಿಂಗ್ ಎಲ್ಲವನ್ನೂ ನೀರಿನಿಂದ ತೆಗೆದು ಕಣ್ಣಿಗೆ ಕಾಣದ ಕಡೆ ಇಡಿ. ತೇಲುವ ಆಟಿಕೆ ಮಗುವನ್ನು ಕರೆಯುತ್ತದೆ.

ತೋಳಿನ ಗಾಳಿ ಪಟ್ಟಿಯನ್ನು ಆಟಿಕೆ ಅಂತಲೇ ಲೆಕ್ಕ ಹಾಕಿ. ಗಾಳಿ ಇಳಿಯುತ್ತದೆ, ಒದ್ದೆ ತೋಳಿನಿಂದ ಜಾರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇದೆ. ಅದನ್ನು ಕಟ್ಟಿಕೊಂಡ ಮಗುವಿಗೆ "ನಾನು ನೀರಿನಲ್ಲಿ ತೇಲುತ್ತೇನೆ" ಅನ್ನುವ ನಂಬಿಕೆ ಬರುತ್ತದೆ. ಪಟ್ಟಿ ಬಿಚ್ಚಿದ ಮೇಲೂ ಆ ನಂಬಿಕೆ ಹೋಗುವುದಿಲ್ಲ. ತೇಲಲು ಸಹಾಯ ಬೇಕೇ ಬೇಕು ಅಂದರೆ ಮಗುವಿನ ತೂಕಕ್ಕೆ ಸರಿಹೊಂದುವ, ಪ್ರಮಾಣೀಕೃತ ಲೈಫ್ ಜಾಕೆಟ್ ಹಾಕಿ. ಆಗಲೂ ನೀವು ಮಗುವಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ನೀರಿನಲ್ಲೇ ಇರಬೇಕು.

ಕೊಳದ ದಡದಲ್ಲಿ ನಾಲ್ಕು ಜನ ದೊಡ್ಡವರಿದ್ದಾಗ ಪ್ರತಿಯೊಬ್ಬರೂ ಉಳಿದ ಮೂವರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಹಾಗಾಗಿ ಒಬ್ಬರ ಹೆಸರು ಹಿಡಿದು ಹೇಳಿ, "ಈಗ ಕಾಲು ಗಂಟೆ ನೋಡುವುದು ನಿನ್ನ ಕೆಲಸ" ಅಂತ. ಅವರ ಕೈಯಲ್ಲಿ ಫೋನ್ ಇರಬಾರದು, ಪುಸ್ತಕ ಇರಬಾರದು, ಕುಡಿದಿರಲೂಬಾರದು. ಕಾಲು ಗಂಟೆ ಆದ ಮೇಲೆ ಇನ್ನೊಬ್ಬರಿಗೆ ಬಾಯಿ ಬಿಟ್ಟು ಹೇಳಿ ಒಪ್ಪಿಸಬೇಕು. ಅಕ್ಕ ತಮ್ಮನನ್ನು ನೋಡಿಕೊಳ್ಳಲಿ ಅನ್ನುವುದು ಬೇಡ. 9 ವರ್ಷದ ಹುಡುಗಿಯ ಮೇಲೆ ಹೊರಿಸುವ ಭಾರ ಅಲ್ಲ ಅದು. ಮಕ್ಕಳಿಗೆ ಗಾಢ ಕಿತ್ತಳೆ, ಹೊಳೆಯುವ ಗುಲಾಬಿ ಬಣ್ಣದ ಈಜುಡುಗೆ ಕೊಡಿಸಿ. ತಿಳಿನೀಲಿ, ಬಿಳಿ ಬಣ್ಣಗಳು ನೀರಿನ ಕೆಳಗೆ ಹೋದ ಕೂಡಲೇ ಕಾಣದಾಗುತ್ತವೆ.

ಮಗಳಿಗೆ ಈಜು ಬರುತ್ತೆ ಅಂದಿರಿ. ಎಷ್ಟು ಬರುತ್ತೆ? ನಾನು ಕೇಳುವುದು ಐದು ವಿಷಯ. ತಲೆ ಮುಳುಗುವಷ್ಟು ಆಳಕ್ಕೆ ಹಾರಿ ತಾನಾಗಿ ಮೇಲೆ ಬರುತ್ತಾಳಾ? ಒಂದು ನಿಮಿಷ ತೇಲುತ್ತಾ ಇರಬಲ್ಲಳಾ? ಒಂದು ಸುತ್ತು ತಿರುಗಿ ಹೊರಬರುವ ದಾರಿ ಎಲ್ಲಿದೆ ಅಂತ ನೋಡಿಕೊಳ್ಳುತ್ತಾಳಾ? ಸುಮಾರು 25 ಮೀಟರ್ ಈಜಿ ಅಲ್ಲಿಗೆ ಮುಟ್ಟುತ್ತಾಳಾ? ಏಣಿ ಇಲ್ಲದೆ ಅಂಚು ಹಿಡಿದು ಮೇಲೆ ಹತ್ತುತ್ತಾಳಾ? ಕೊನೆಯದನ್ನು ತುಂಬಾ ಜನ ಪರೀಕ್ಷಿಸುವುದೇ ಇಲ್ಲ. ಮಗನನ್ನೂ ಈಗಲೇ ಈಜು ತರಗತಿಗೆ ಸೇರಿಸಿ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೂ ಕ್ರಮಬದ್ಧ ಪಾಠ ಮುಳುಗುವ ಅಪಾಯ ಕಡಿಮೆ ಮಾಡುತ್ತದೆ. ಆದರೆ ಪಾಠ ಕಲಿತ ಮಗು ಬಟ್ಟೆ ಸಮೇತ, ಚಪ್ಪಲಿ ಸಮೇತ ಹಠಾತ್ತಾಗಿ ಬಿದ್ದಾಗ ಕಲಿತದ್ದೆಲ್ಲ ನೆನಪಿಗೆ ಬರುತ್ತದೆ ಅಂತ ನಂಬಬೇಡಿ.

ಅವಳ ವಯಸ್ಸಿನವರಿಗೆ ಒಂದು ಆಟ ಇಷ್ಟ. ನೀರೊಳಗೆ ಯಾರು ಜಾಸ್ತಿ ಹೊತ್ತು ಉಸಿರು ಹಿಡಿಯುತ್ತಾರೆ ಅಂತ ಪಂದ್ಯ. ಅದನ್ನು ನಿಲ್ಲಿಸಿಬಿಡಿ. ಉಸಿರಾಡಬೇಕು ಅನ್ನುವ ಒತ್ತಡ ಬರುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರುವುದರಿಂದ. ಮುಳುಗುವ ಮುಂಚೆ ಜೋರು ಜೋರಾಗಿ ಹಲವು ಸಲ ಉಸಿರಾಡಿದರೆ ಅದು ಇಳಿದುಹೋಗುತ್ತದೆ. ಆಗ ಒತ್ತಡ ಬರುವ ಮೊದಲೇ ಆಮ್ಲಜನಕ ಮುಗಿದು, ಮಗು ನೀರೊಳಗೇ ಎಚ್ಚರ ತಪ್ಪುತ್ತದೆ. ಮುನ್ಸೂಚನೆ ಏನೂ ಇರುವುದಿಲ್ಲ. ಚೆನ್ನಾಗಿ ಈಜುವವರಿಗೇ ಇದು ಆಗುತ್ತದೆ, ಯಾಕೆಂದರೆ ಹೀಗೆಲ್ಲ ಪ್ರಯತ್ನ ಮಾಡುವವರು ಅವರೇ. ಜೊತೆಗೆ ತಲೆ ಕೆಳಗಾಗಿ ಡೈವ್ ಹೊಡೆಯುವುದು. ಸುಮಾರು 2.7 ಮೀಟರಿಗಿಂತ ಕಡಿಮೆ ಆಳದಲ್ಲಿ ಅದು ಬೇಡ. ಮನೆಯ ಕೊಳಗಳಲ್ಲಿ ಅಷ್ಟು ಆಳ ಇರುವುದು ಅಪರೂಪ. ಹಾರುವುದಾದರೆ ಕಾಲು ಮುಂದೆ.

ಈಗ ನಿಮ್ಮ ನಿದ್ದೆ ಕೆಡಿಸಿದ ಮೆಸೇಜ್. 'ಡ್ರೈ ಡ್ರೌನಿಂಗ್', 'ಸೆಕೆಂಡರಿ ಡ್ರೌನಿಂಗ್' ಅನ್ನುವ ಹೆಸರುಗಳನ್ನು ವೈದ್ಯಕೀಯದಲ್ಲಿ ಈಗ ಒಪ್ಪುವುದಿಲ್ಲ. 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಜಾಗತಿಕ ಸಮ್ಮೇಳನದಲ್ಲಿ ತಜ್ಞರು ಮುಳುಗುವಿಕೆಗೆ ಒಂದೇ ವಿವರಣೆ ಕೊಟ್ಟರು: ದ್ರವದಲ್ಲಿ ಮುಳುಗಿದ್ದರಿಂದ ಉಸಿರಾಟಕ್ಕೆ ತೊಂದರೆ ಆಗುವ ಪ್ರಕ್ರಿಯೆ. ಅದರಿಂದ ಸಾವು ಆಗಬಹುದು, ತೊಂದರೆ ಉಳಿಯಬಹುದು, ಏನೂ ಆಗದೆ ಗುಣವೂ ಆಗಬಹುದು. ಎರಡು ದಿನ ಆರಾಮಾಗಿ ಓಡಾಡಿ, ಉಂಡು, ಆಡಿದ ಮಗು ಹಳೆಯ ಒಂದು ಗುಟುಕು ನೀರಿನಿಂದ ಇದ್ದಕ್ಕಿದ್ದಂತೆ ಸಾಯುವುದಿಲ್ಲ.

ನಿಜ ಏನೆಂದರೆ, ನೀರಿನಲ್ಲಿ ಉಸಿರು ಕಟ್ಟಿದ ಮಗುವಿನ ಶ್ವಾಸಕೋಶಕ್ಕೆ ಸ್ವಲ್ಪ ನೀರು ಹೋಗಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಅಲ್ಲಿ ಊತ ಬಂದು ಉಸಿರಾಟ ಹದಗೆಡಬಹುದು. ಅದರ ಲಕ್ಷಣಗಳು ಸಾಮಾನ್ಯವಾಗಿ ಮೊದಲ ಎಂಟು ಗಂಟೆಯೊಳಗೇ ಕಾಣುತ್ತವೆ, ಅದೂ ಹೆಚ್ಚಾಗುತ್ತಾ ಹೋಗುತ್ತವೆ. ನಿಲ್ಲದ ಕೆಮ್ಮು, ಉಸಿರು ಜೋರಾಗುವುದು, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ಬಾಯಲ್ಲಿ ನೊರೆ, ವಾಂತಿ, ಎಂದಿನಂತಲ್ಲದ ಮಂಪರು, ತುಟಿ ನೀಲಿ ಆಗುವುದು. ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ. ನೀರಿನಿಂದ ಎತ್ತಿ ಉಸಿರು ಕೊಡಬೇಕಾಗಿ ಬಂದ ಮಗುವನ್ನಂತೂ ಆಮೇಲೆ ಚೆನ್ನಾಗಿ ಕಂಡರೂ ತೋರಿಸಲೇಬೇಕು. ಒಂದು ಗುಟುಕು ನೀರು ಕುಡಿದು, ಎರಡು ಸಲ ಕೆಮ್ಮಿ, ಮತ್ತೆ ನಗುತ್ತಾ ಆಟಕ್ಕೆ ಹೋದ ಮಗುವಿಗೆ ಏನೂ ಬೇಕಿಲ್ಲ.

ಕೂದಲಿನ ಮಾತು ಸುಳ್ಳಲ್ಲ. 2002ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ 7 ವರ್ಷದ ಮೊಮ್ಮಗಳು ಸ್ಪಾ ಒಂದರ ತಳದ ಡ್ರೈನಿನ, ಅಂದರೆ ಪಂಪಿಗೆ ನೀರು ಹೋಗುವ ಬಾಯಿಯ ಹೀರುವಿಕೆಗೆ ಸಿಕ್ಕಿ ತೀರಿಕೊಂಡಳು. ಅವಳಿಗೆ ಈಜು ಚೆನ್ನಾಗಿ ಬರುತ್ತಿತ್ತು. ಆ ತಾಯಿ ಬಿಡದೆ ಓಡಾಡಿದ್ದರಿಂದ 2007ರಲ್ಲಿ ಅಲ್ಲಿ ಆ ಹುಡುಗಿಯ ಹೆಸರಲ್ಲೇ ಕಾನೂನು ಬಂತು. ಸುರಕ್ಷಿತ ಡ್ರೈನ್ ಮುಚ್ಚಳಗಳು ಕಡ್ಡಾಯವಾದವು.

ಪಂಪು ನೀರನ್ನು ಡ್ರೈನಿನಿಂದ ಎಳೆಯುತ್ತದೆ. ಒಂದೇ ಡ್ರೈನ್ ಇದ್ದು, ಅದರ ಬಾಯಿಗೆ ಬೆನ್ನೋ ಹೊಟ್ಟೆಯೋ ಅಡ್ಡ ಬಂದರೆ ಎಳೆತವೆಲ್ಲ ಅಲ್ಲೇ ಬೀಳುತ್ತದೆ. ಬಲಿಷ್ಠ ಗಂಡಸರೂ ಎಳೆದು ಬಿಡಿಸಲಾರರು. ಕೂದಲಿನ ಕಥೆ ಸ್ವಲ್ಪ ಬೇರೆ. ನೀರಿನ ಜೊತೆ ಜಾಲರಿಯೊಳಗೆ ಹೋದ ಕೂದಲು ಹಿಂದೆ ಸುಳಿಯಲ್ಲಿ ತಿರುಗಿ ಗಂಟಾಗುತ್ತದೆ. ಪಂಪು ನಿಲ್ಲಿಸಿದರೂ ಗಂಟು ಬಿಡುವುದಿಲ್ಲ, ಕತ್ತರಿಸಬೇಕಾಗುತ್ತದೆ. ಹಾಗಾಗಿ ಕೊಳದ ಹತ್ತಿರ, ಮಕ್ಕಳಿಗೆ ಸಿಗದ ಎತ್ತರದಲ್ಲಿ ಒಂದು ಕತ್ತರಿ ಇರಲಿ.

ಮನೆಗೆ ಹೋಗುವ ಮೊದಲು ಇದನ್ನು ನೋಡಿಸಿ. ಡ್ರೈನ್ ಎರಡು ಇವೆಯಾ, ಅವುಗಳ ನಡುವೆ ಸುಮಾರು ಒಂದು ಮೀಟರ್ ದೂರ ಇದೆಯಾ? ಮುಚ್ಚಳ ಚಪ್ಪಟೆಯಾಗಿದೆಯಾ, ಉಬ್ಬಿದೆಯಾ? ಉಬ್ಬಿದ್ದು ಒಳ್ಳೆಯದು, ದೇಹ ಅದನ್ನು ಪೂರ್ತಿ ಮುಚ್ಚಲಾರದು. ಪಂಪು ನಿಲ್ಲಿಸಿ, ಸ್ಪಾದ ಡ್ರೈನ್ ಮುಚ್ಚಳದ ಸುತ್ತ ಬೆರಳಾಡಿಸಿದರೆ ಎಲ್ಲ ಸ್ಕ್ರೂ ಇವೆಯಾ ಅನ್ನುವುದು ಗೊತ್ತಾಗುತ್ತದೆ. ಕಾಣೆಯಾದ ಒಂದು ಸ್ಕ್ರೂ, ಕೂದಲೆಳೆಯಷ್ಟು ಸೀಳಿದ ಪ್ಲಾಸ್ಟಿಕ್, ಇವೇ ನಾನು ಹುಡುಕುವುದು. ಬಿಸಿಲು, ಕ್ಲೋರಿನ್ ಸೇರಿ ಪ್ಲಾಸ್ಟಿಕ್ ಗರಿಗರಿಯಾಗಿ ಬಿರಿಯುತ್ತದೆ. ಈ ಮುಚ್ಚಳಗಳಿಗೆ ತಯಾರಕರು ಆಯುಷ್ಯ ನಮೂದಿಸಿರುತ್ತಾರೆ, ಅದು ಮುಗಿದಿದ್ದರೆ ಬದಲಿಸಬೇಕು. ಮುಚ್ಚಳ ಒಡೆದಿದ್ದರೆ ಅವತ್ತು ಯಾರೂ ನೀರಿಗಿಳಿಯಬಾರದು. ಪಂಪಿನ ಸ್ವಿಚ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ. ಯಾರಾದರೂ ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ನೇರ ಎಳೆಯದೆ, ದೇಹ ಮತ್ತು ಡ್ರೈನಿನ ನಡುವೆ ಬೆರಳು ತೂರಿಸಿ ಹಿಡಿತ ಸಡಿಲಿಸಿ. ಮಗಳ ಕೂದಲು ಎತ್ತಿ ಕಟ್ಟಿ, ಈಜು ಟೋಪಿಯೊಳಗೆ ಇರಲಿ. ಡ್ರೈನಿನ ಹತ್ತಿರ ಆಡಬಾರದು ಅಂತ ಕಾರಣ ಸಮೇತ ಹೇಳಿ. 9 ವರ್ಷದ ಮಕ್ಕಳಿಗೆ ಕಾರಣ ಅರ್ಥವಾಗುತ್ತದೆ.

ಕ್ಲೋರಿನ್ ವಾಸನೆ ಬಗ್ಗೆ ಇರುವ ನಂಬಿಕೆ ಪೂರ್ತಿ ತಲೆಕೆಳಗು. ಮೂಗಿಗೆ ಹೊಡೆಯುವ ಆ ವಾಸನೆ ಕ್ಲೋರಮೈನ್‌ಗಳದ್ದು. ಬೆವರು, ಮೂತ್ರ, ಮೈಕೊಳೆಯ ಜೊತೆ ಕ್ಲೋರಿನ್ ಸೇರಿದಾಗ ಅವು ಹುಟ್ಟುತ್ತವೆ. ಕಣ್ಣು ಕೆಂಪಾಗುವುದು, ಕೆಮ್ಮು ಬರುವುದು ಹೆಚ್ಚಾಗಿ ಅವುಗಳಿಂದಲೇ. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಅಂಥ ವಾಸನೆ ಇರುವುದಿಲ್ಲ. ಯಾರೂ ಈಜದ ಖಾಲಿ ಮನೆಯಲ್ಲಿ ವಾಸನೆ ಇದೆ ಅಂದರೆ ನೀವು ಬರುವ ಮೊದಲು ಯಾರೋ ಒಟ್ಟಿಗೆ ಜಾಸ್ತಿ ಡೋಸ್ ಸುರಿದಿರಬಹುದು, ಅಥವಾ ರಾಸಾಯನಿಕದ ಡಬ್ಬ ಎಲ್ಲೋ ಬಾಯಿ ತೆರೆದು ಕೂತಿರಬಹುದು. ಎರಡನ್ನೂ ವಿಚಾರಿಸಿ.

ವಾಸನೆ ಬಿಟ್ಟು, ನೀರಿಗೆ ಅದ್ದಿ ಬಣ್ಣ ನೋಡುವ ಪರೀಕ್ಷಾ ಪಟ್ಟಿ ನಂಬಿ. ಮುಕ್ತ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್, ಕೊಳದಲ್ಲಿ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು), ಬಿಸಿಲಿಗೆ ಕ್ಲೋರಿನ್ ಬೇಗ ಕರಗದಿರಲಿ ಅಂತ ಹಾಕುವ ಸಯನ್ಯೂರಿಕ್ ಆಮ್ಲ ಬಳಸುತ್ತಿದ್ದರೆ 2, ಸ್ಪಾದಲ್ಲಿ ಕನಿಷ್ಠ 3. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವುದನ್ನು ಹೇಳುವ ಪಿಎಚ್ 7.2ರಿಂದ 7.8ರ ಒಳಗೆ. ಬಿಸಿ ನೀರಿನಲ್ಲಿ ಕ್ಲೋರಿನ್ ಬೇಗ ಖಾಲಿಯಾಗುತ್ತದೆ, ಸ್ಪಾವನ್ನು ಹೆಚ್ಚು ಸಲ ನೋಡಬೇಕು. ಆಳದ ಕಡೆಯ ತಳದ ಡ್ರೈನ್ ಸ್ಪಷ್ಟವಾಗಿ ಕಾಣದಿದ್ದರೆ ಇಳಿಯಬೇಡಿ. ಅದು ಸ್ವಚ್ಛತೆಯ ಮಾತಷ್ಟೇ ಅಲ್ಲ, ತಳದಲ್ಲಿ ಮಗು ಬಿದ್ದಿದ್ದರೂ ಕಾಣುವುದಿಲ್ಲ. ಅಂದ ಹಾಗೆ, ನೀರಿನಲ್ಲಿ ಮೂತ್ರ ಮಾಡಿದರೆ ಬಣ್ಣ ಬದಲಾಗುವ ಔಷಧಿ ಹಾಕಿರುತ್ತಾರೆ ಅನ್ನುವುದು ಮಕ್ಕಳನ್ನು ಹೆದರಿಸುವ ಮಾತು, ಅಂಥದ್ದು ಇಲ್ಲ. ಭೇದಿ ಆಗುತ್ತಿರುವವರು ನೀರಿಗಿಳಿಯಬಾರದು ಅನ್ನುವುದು ಮಾತ್ರ ಗಟ್ಟಿ ನಿಯಮ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಏಳು ದಿನಕ್ಕಿಂತ ಜಾಸ್ತಿ ಬದುಕುತ್ತದೆ.

ರಾಸಾಯನಿಕಗಳನ್ನು ಬೀಗ ಹಾಕಿದ, ಗಾಳಿ ಆಡುವ, ಒಣಗಿದ ಜಾಗದಲ್ಲಿಡಿ. ಆಮ್ಲ ಮತ್ತು ಕ್ಲೋರಿನ್ ಒಟ್ಟಿಗೆ ಸೇರಿದರೆ ವಿಷಾನಿಲ ಬರುತ್ತದೆ. ಕ್ಲೋರಿನ್‌ನಲ್ಲೂ ಬೇರೆ ಬೇರೆ ಜಾತಿಗಳಿವೆ, ಒಂದನ್ನು ಅಳೆದ ಚಮಚವನ್ನು ಇನ್ನೊಂದರ ಡಬ್ಬಕ್ಕೆ ಹಾಕಿದರೂ ಬೆಂಕಿ ಹತ್ತಿಕೊಳ್ಳಬಹುದು. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು.

ಮಾವನವರ ವಿಷಯಕ್ಕೆ ಬರೋಣ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಇಳಿಯಬಹುದು. ಕುಳಿತಿರುವಾಗ ಹಾಯಾಗಿರುತ್ತದೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಅಲ್ಲೇ ಬಿದ್ದರೆ ಸುತ್ತ ಗಟ್ಟಿ ಅಂಚು, ಕೆಳಗೆ ನೀರು. ಬಿಪಿ ಹತೋಟಿಯಲ್ಲಿದ್ದು ಅವರ ವೈದ್ಯರು ಒಪ್ಪಿದರೆ ಕೂರಬಹುದು. ಸ್ಪಾ ನೀರು ಯಾರಿಗೇ ಆದರೂ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಅವರಿಗೆ ಅದಕ್ಕಿಂತ ಕಡಿಮೆ ಇಡಿ, ಹತ್ತು ನಿಮಿಷಕ್ಕೆ ನಿಲ್ಲಿಸಿ. ಒಬ್ಬರೇ ಕೂರುವುದು ಬೇಡ, ಕುಡಿದು ಕೂರುವುದಂತೂ ಬೇಡ. ಏಳುವ ಮುಂಚೆ ಅಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು, ಕಂಬಿ ಹಿಡಿದು ಏಳಲಿ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಎದೆನೋವು ಬರುತ್ತಿದ್ದರೆ ಬೇಡ. ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು, ಮೊದಲ ಮೂರು ತಿಂಗಳಂತೂ ದೂರ ಇರುವುದೇ ಲೇಸು. ಐದು ವರ್ಷದೊಳಗಿನ ಮಕ್ಕಳಿಗೆ ಸ್ಪಾ ಇಲ್ಲವೇ ಇಲ್ಲ, ಅವರ ಮೈ ಬೇಗ ಕಾಯುತ್ತದೆ. ನಿಮ್ಮ ಮಗನೂ ಅದರಲ್ಲೇ ಬರುತ್ತಾನೆ.

ಮನೆ ತಿಂಗಳುಗಟ್ಟಲೆ ಖಾಲಿ ಇತ್ತು ಅಂದಿರಿ. ಸ್ಪಾದ ಪೈಪುಗಳಲ್ಲಿ ನಿಂತ ಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಗುಳ್ಳೆ ಎದ್ದಾಗ ಹಾರುವ ಸಣ್ಣ ಹನಿಗಳ ಜೊತೆ ಉಸಿರಿನಲ್ಲಿ ಹೋದರೆ ತೀವ್ರ ನ್ಯುಮೋನಿಯಾ ಬರಬಹುದು. ವಯಸ್ಸಾದವರಿಗೆ, ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ. ಮೊದಲ ದಿನವೇ ಸ್ವಿಚ್ ಹಾಕಿ ಕೂರಬೇಡಿ. ನೀರು ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಫಿಲ್ಟರ್ ಬದಲಿಸಿ, ಪೈಪುಗಳಲ್ಲೂ ಕ್ಲೋರಿನ್ ನೀರು ಹರಿಸಿ, ಹೊಸ ನೀರು ತುಂಬಿ, ಅಳತೆ ಸರಿ ಬಂದ ಮೇಲೆ ಬಳಸಿ. ಬಂದ ಎಲೆಕ್ಟ್ರಿಷಿಯನ್ ಕೈಲಿ ಲೈಟು, ಪಂಪುಗಳ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್ ಪರೀಕ್ಷೆ ಮಾಡಿಸಿ. ಚಾರ್ಜಿಗೆ ಹಾಕಿದ ಫೋನು ಸ್ಪಾದ ಅಂಚಿಗೆ ಬರಬಾರದು.

ಈಜು ಬಾರದ ನೀವು ಏನು ಮಾಡಬಹುದು? ಬಹಳಷ್ಟು ಮಾಡಬಹುದು. ಮಗು ಕಾಣುತ್ತಿಲ್ಲ ಅಂದರೆ ಮಂಚದ ಕೆಳಗೆ, ಬಾಗಿಲ ಹಿಂದೆ ಹುಡುಕುವ ಮೊದಲು ಕೊಳಕ್ಕೆ ಓಡಿ. ಬೇರೆಲ್ಲೇ ಇದ್ದರೂ ಹತ್ತು ನಿಮಿಷ ತಡವಾದರೆ ನಡೆಯುತ್ತದೆ, ನೀರಿನಲ್ಲಿದ್ದರೆ ನಡೆಯುವುದಿಲ್ಲ. ಕೊಳದ ಪಕ್ಕ ಒಂದು ಉದ್ದ ಕೋಲು, ಹಗ್ಗ ಕಟ್ಟಿದ ರಿಂಗ್ ಸದಾ ಇರಲಿ. ಅಂಚಿನಲ್ಲಿ ಬೋರಲು ಮಲಗಿ ಕೋಲು ಚಾಚಿ, ಅಥವಾ ರಿಂಗ್ ಎಸೆಯಿರಿ. ಆಳಕ್ಕೆ ಧುಮುಕಬೇಡಿ. ಧುಮುಕಿದ ತಾಯಂದಿರು ಮಗುವಿನ ಜೊತೆ ಹೋಗಿದ್ದಾರೆ. ಮಗು ಇರುವ ಕಡೆ ನೀರು ನಿಮ್ಮ ಸೊಂಟದ ಮಟ್ಟವಷ್ಟೇ ಇದೆ ಅಂತ ಖಚಿತವಾಗಿ ಗೊತ್ತಿದ್ದರೆ ಅಂಚು ಹಿಡಿದು ಇಳಿಯಬಹುದು. ಅದಕ್ಕೇ ಕೊಳದ ಎಲ್ಲ ಕಡೆಯ ಆಳ ಮೊದಲೇ ಅಳೆದು ಅಂಚಿನಲ್ಲಿ ಬರೆಸಿ.

ಮೇಲೆತ್ತಿದ ಮಗು ಉಸಿರಾಡುತ್ತಿಲ್ಲ ಅಂದರೆ ಹೊಟ್ಟೆ ಒತ್ತಿ ನೀರು ಹೊರಗೆ ತೆಗೆಯಲು ಹೋಗಬೇಡಿ, ತಲೆಕೆಳಗಾಗಿ ಹಿಡಿದು ತಿರುಗಿಸಬೇಡಿ. ಈ ಹಳೆಯ ಪದ್ಧತಿಯಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ಒಬ್ಬರು ತುರ್ತು ಸಂಖ್ಯೆಗೆ ಫೋನ್ ಮಾಡುತ್ತಿರುವಾಗ ಇನ್ನೊಬ್ಬರು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಯುರೋಪಿನ ಪದ್ಧತಿಯಲ್ಲಿ ಮೊದಲು ಐದು ಸಲ, ಅಮೆರಿಕದ ಪದ್ಧತಿಯಲ್ಲಿ ಎರಡು ಸಲ. ಆಮೇಲೆ ಎದೆ 30 ಸಲ ಒತ್ತಿ 2 ಸಲ ಉಸಿರು, ಸಹಾಯ ಬರುವ ತನಕ ನಿಲ್ಲಿಸದೆ. ಸಿಪಿಆರ್ ಅನ್ನುವುದು ಇದಕ್ಕೇ, ಇದನ್ನು ಓದಿ ಕಲಿಯುವುದಕ್ಕೆ ಆಗುವುದಿಲ್ಲ. ಸಿಪಿಆರ್ ತರಗತಿಗೆ ನೀವು, ನಿಮ್ಮವರು, ಮಕ್ಕಳನ್ನು ನೋಡಿಕೊಳ್ಳಲು ಬರುವವರು ಎಲ್ಲರೂ ಹೋಗಿ, ಬೊಂಬೆಯ ಮೇಲೆ ಕೈಯಾರೆ ಮಾಡಿ ನೋಡಿ. ಅಲ್ಲಿಂದ ಬಂದ ಮೇಲೆ ದೊಡ್ಡವರ ಈಜು ತರಗತಿಗೂ ಹೆಸರು ಕೊಡಿ. ಎದೆಮಟ್ಟದ ನೀರಿನಲ್ಲಿ ತೇಲುವುದು, ಅಂಚಿಗೆ ಬರುವುದು, ಇಷ್ಟನ್ನು ಯಾವ ವಯಸ್ಸಿನಲ್ಲಾದರೂ ಕಲಿಯಬಹುದು. ಹೆದರಿಕೊಂಡು ಬಂದ ಎಷ್ಟೋ ಜನ ಅದನ್ನು ಕಲಿತದ್ದನ್ನು ನಾನು ಕಂಡಿದ್ದೇನೆ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಬೇಲಿ ಮತ್ತು ಡ್ರೈನ್ ಮುಚ್ಚಳದ ಮಾತನ್ನು ಮಾಲೀಕರ ಹತ್ತಿರ ಆಡಿ, ಬರಹದಲ್ಲಿ ತೆಗೆದುಕೊಳ್ಳಿ. ಬೇಲಿ ನಿಲ್ಲುವ ತನಕ ಮನೆ ಬದಲಿಸುವುದನ್ನು ಮುಂದೂಡಲು ಸಾಧ್ಯವಾದರೆ ಮುಂದೂಡಿ. ಆಗದಿದ್ದರೆ ಗಾಜಿನ ಬಾಗಿಲಿಗೆ ದೊಡ್ಡವರ ಕೈಗೆ ಮಾತ್ರ ಎಟುಕುವ ಎತ್ತರದಲ್ಲಿ ಚಿಲಕ, ತೆರೆದ ಕೂಡಲೇ ಬಾರಿಸುವ ಅಲಾರಂ, ಸ್ಪಾಕ್ಕೆ ಬೀಗ, ಈ ಮೂರನ್ನು ಸಾಮಾನು ಇಳಿಸುವ ಹಿಂದಿನ ದಿನವೇ ಹಾಕಿಸಿ. ಸಾಮಾನು ಒಳಗೆ ಹೊರಗೆ ಸಾಗುವ ದಿನ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ. ಅವತ್ತು ಮಗನನ್ನು ಬೇರೆ ಯಾರ ಮನೆಯಲ್ಲಾದರೂ ಬಿಡಿ.